ಕೂದಲಿನ ಕಪ್ಪು: ಎಲೆ, ಡಾಂಬರು ಮತ್ತು ಮೆಲನಿನ್

ಜಾತ್ರೆಯಲ್ಲಿ ನೀವು ಕೈಗೆ ಮದರಂಗಿ ಹಾಕಿಸಿಕೊಂಡಿರಬಹುದು. ಅರೆದ ಎಲೆಯ ಕೆಂಪು ಮೂಡಲು ಗಂಟೆಗಟ್ಟಲೆ ಕಾಯಬೇಕು. ಆದರೆ ಬೇಗನೆ ಕಡುಕಪ್ಪಾಗುವ 'ಕಪ್ಪು ಮದರಂಗಿ' ಕಂಡರೆ ಕೈ ಹಿಂದೆಗೆದುಕೊಳ್ಳಿ. ಮದರಂಗಿಯ ಲಾಸೋನ್ ಕೊಡುವುದು ಕೆಂಪು-ಕಿತ್ತಳೆ ಮಾತ್ರ. ನರೆತ ಕೂದಲು ಕಪ್ಪಾಗಬೇಕೆಂದರೆ ನಮ್ಮ ಹಿರಿಯರು ಅದರ ಮೇಲೆ ನೀಲಿ ಗಿಡದ ಎಲೆಯನ್ನೂ ಹಚ್ಚಬೇಕಾಗಿತ್ತು. ಹಾಗಾದರೆ ಆ ದಿಢೀರ್ ಕಪ್ಪು ಎಲ್ಲಿಂದ ಬಂತು?

1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಲು ಹೊರಟ. ಕಲ್ಲಿದ್ದಲ ಡಾಂಬರಿನಿಂದ ಬಂದ ಅನಿಲೀನ್ ಅವನಿಗೆ ಔಷಧದ ಬದಲು ನೇರಳೆ ಬಣ್ಣ ಕೊಟ್ಟಿತು. ಅಲ್ಲಿಂದ ಹುಟ್ಟಿದ ಬಣ್ಣಗಳ ಬಳಗಕ್ಕೆ ಸೇರಿದ್ದು ಪ್ಯಾರಾಫಿನೈಲೀನ್‌ಡೈಅಮೀನ್, ಅಂದರೆ ಪಿ.ಪಿ.ಡಿ. 1907ರಲ್ಲಿ ಪ್ಯಾರಿಸ್ಸಿನ ಯೂಜೀನ್ ಶ್ಯೂಲರ್ ತಾನೇ ತಯಾರಿಸಿದ ಕೂದಲ ಬಣ್ಣವನ್ನು ಕೇಶಾಲಂಕಾರಿಗಳಿಗೆ ಮಾರತೊಡಗಿದ. ಅವನ ಕಂಪನಿಯೇ ಮುಂದೆ ಲೋರಿಯಲ್ ಆಯಿತು.

ಪಿ.ಪಿ.ಡಿ.ಯ ಜಾಣತನವಿರುವುದು ಅದರ ಗಾತ್ರದಲ್ಲಿ. ಅದರ ಅಣು ಚಿಕ್ಕದು, ಹೆಚ್ಚೇನೂ ಬಣ್ಣವಿಲ್ಲದ್ದು. ಅಮೋನಿಯಾ ಕೂದಲಿನ ಹೊರಪದರವನ್ನು ಉಬ್ಬಿಸಿದಾಗ ಅದು ಒಳಗೆ ನುಸುಳುತ್ತದೆ. ಅಲ್ಲಿ ಹೈಡ್ರೋಜನ್ ಪೆರಾಕ್ಸೈಡಿನ ನೆರವಿನಿಂದ ಬೇರೆ ಅಣುಗಳೊಡನೆ ಕೂಡಿ ದೊಡ್ಡದಾಗಿ, ಬಣ್ಣ ತಾಳಿ, ಹೊರಬರಲಾರದೆ ಉಳಿಯುತ್ತದೆ. ಎಷ್ಟು ತೊಳೆದರೂ ಹೋಗದು. ಆದರೆ ಕೂದಲಿಗೆ ನುಸುಳುವಷ್ಟು ಚಿಕ್ಕದು ಚರ್ಮಕ್ಕೂ ನುಸುಳೀತು! ಕೆಲವರಲ್ಲಿ ತುರಿಕೆ, ಊತ, ಬೊಬ್ಬೆ. ಒಮ್ಮೆ ಅಲರ್ಜಿ ಅಂಟಿತೆಂದರೆ ಬಹುಮಟ್ಟಿಗೆ ಜೀವನಪೂರ್ತಿ. ಕಪ್ಪು ಮದರಂಗಿಗೆ ಬೆರೆಸುವುದೂ ಸಾಮಾನ್ಯವಾಗಿ ಇದನ್ನೇ.

1975ರಲ್ಲಿ ಅಮೆರಿಕದ ಬ್ರೂಸ್ ಏಮ್ಸ್ ಮತ್ತು ಸಂಗಡಿಗರು ಇಂಥ 169 ಬಣ್ಣಗಳನ್ನು ಪರೀಕ್ಷಿಸಿದರು. 150 ಬಣ್ಣಗಳು ಬ್ಯಾಕ್ಟೀರಿಯಾಗಳ ಅನುವಂಶಿಕ ದ್ರವ್ಯವನ್ನು ಕೆಡಿಸಿದವು. ಬ್ಯಾಕ್ಟೀರಿಯಾಕ್ಕೆ ಆದದ್ದು ಮನುಷ್ಯನಿಗೂ ಆಗಲೇಬೇಕೆಂದಿಲ್ಲ, ನಿಜ. ಆದರೂ ತಯಾರಕರು ಕೆಲವು ವಸ್ತುಗಳನ್ನು ಕೈಬಿಟ್ಟರು. ಪಿ.ಪಿ.ಡಿ. ಮಾತ್ರ ಉಳಿಯಿತು. ಅಷ್ಟು ಗಟ್ಟಿಯಾದ ಕಪ್ಪು ಬೇರೆಲ್ಲೂ ಸುಲಭವಾಗಿ ಸಿಗಲಿಲ್ಲ.

ಸಿಗಲಿಲ್ಲವೆಂದರೆ ತಪ್ಪಾದೀತು, ಅದು ನಮ್ಮ ತಲೆಯಲ್ಲೇ ಇತ್ತು. ಕೂದಲಿನ ಸಹಜ ಕಪ್ಪಿಗೆ ಕಾರಣ ಮೆಲನಿನ್. 2020ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ನೇಥನ್ ಜಿಯಾನೆಸ್ಕಿಯವರ ತಂಡ ಕೃತಕ ಮೆಲನಿನ್ನಿನ ತೆಳುಪದರವನ್ನು ಕೂದಲಿನ ಹೊರಮೈಗೆ ಕೂರಿಸಿತು. ಅದು ಕೂದಲನ್ನು ಭೇದಿಸಿ ಒಳಹೋಗಬೇಕಿಲ್ಲ. ಹದಿನೆಂಟು ಸಲ ತೊಳೆದರೂ ಬಣ್ಣ ಉಳಿಯಿತು. ಆದರೆ ಆ ತೊಳೆತವೆಲ್ಲ ನಡೆದದ್ದು ಕತ್ತರಿಸಿದ ಕೂದಲಿನ ಎಳೆಗಳ ಮೇಲೆ, ಪ್ರಯೋಗಶಾಲೆಯಲ್ಲಿ.