ಒಂದೇ ಕಾರು, ಇಬ್ಬರು ಚಾಲಕರು

ಇಬ್ಬರು ರೇಸ್ ಚಾಲಕರಲ್ಲಿ ಯಾರ ಕೈ ಮೇಲು ಎಂದು ತೀರ್ಮಾನಿಸಬೇಕಾದರೆ ಇಬ್ಬರಿಗೂ ಒಂದೇ ಕಾರು ಕೊಡಬೇಕು. ನಮ್ಮ ದೇಶದಲ್ಲಿ ಬಹುಕಾಲ ಅದು ಆಗದ ಮಾತಾಗಿತ್ತು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಅದರ ರೇಸುಗಳು ನಡೆಯುತ್ತಿದ್ದದ್ದು ಮದ್ರಾಸಿನ ಉತ್ತರಕ್ಕಿರುವ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯ ಮೇಲೆ. ಜನ ಸಾವಿರಗಟ್ಟಲೆ ಸೇರುತ್ತಿದ್ದರು. ಆದರೆ ಓಟಕ್ಕೆ ನಿಂತ ಗಾಡಿಗಳನ್ನು ನೋಡಿ: ಒಂದು ಕಡೆ ಗ್ಯಾರೇಜಿನಲ್ಲಿ ತಿದ್ದಿದ ಅಂಬಾಸಿಡರ್, ಫಿಯಟ್, ಹೆರಾಲ್ಡ್, ಇನ್ನೊಂದು ಕಡೆ ವಿದೇಶದಿಂದ ತರಿಸಿದ ಅಸಲಿ ರೇಸ್ ಕಾರು. 80ರ ದಶಕದಲ್ಲಿ ವಿಜಯ್ ಮಲ್ಯ ಅಲ್ಲಿ ಓಡಿಸಿದ್ದು ಫಾರ್ಮುಲಾ ಒನ್‌ನಲ್ಲಿ ಓಡಿ ಬಂದಿದ್ದ ಎನ್‌ಸೈನ್ ಕಾರನ್ನು. ಅಂಥ ಕಡೆ ಗೆದ್ದದ್ದು ಚಾಲಕನ ಕೈಯೋ, ಮಾಲೀಕನ ಕಿಸೆಯೋ ಯಾರು ಹೇಳಬೇಕು?

ಈ ಅನ್ಯಾಯಕ್ಕೆ ಮದ್ದು ಕಂಡುಹಿಡಿದವರು ಕೊಯಮತ್ತೂರಿನ ಎಸ್. ಕರಿವರ್ಧನ್. ಗಿರಣಿ ಮಾಲೀಕರ ಮನೆತನದವರು, ತಾವೇ ಒಳ್ಳೆಯ ಚಾಲಕರು. ದುಬಾರಿ ಕಾರು ತರಿಸಿ ತಾವೊಬ್ಬರೇ ಗೆದ್ದುಕೊಂಡಿರಬಹುದಿತ್ತು. ಅವರು ಮಾಡಿದ್ದು ಬೇರೆ. 1988ರಲ್ಲಿ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ಕಾರನ್ನು ತಂದರು. ಮಗುವನ್ನು ಶಾಲೆಗೆ ಬಿಡಲು ನಾವು ಬಳಸುತ್ತಿದ್ದ ಮಾರುತಿ 800ರ ಅದೇ ಮೂರು ಸಿಲಿಂಡರಿನ, 796 ಸಿಸಿಯ ಎಂಜಿನ್ ಅದರಲ್ಲಿ ಚಾಲಕನ ಬೆನ್ನ ಹಿಂದೆ ಕೂತಿತ್ತು. ಬಿಡಿಭಾಗ ಯಾವ ಊರಲ್ಲಾದರೂ ಸಿಗುತ್ತಿತ್ತು, ಕೆಟ್ಟರೆ ಸಾಮಾನ್ಯ ಮೆಕ್ಯಾನಿಕ್ ರಿಪೇರಿ ಮಾಡಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕದವನ ಕಾರೂ ಅದೇ. ಶಕ್ತಿ ಕಡಿಮೆ ಇರುವ ಕಾರಿನಲ್ಲಿ ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ಎಂಜಿನ್ ತಿರುಗಿ ಕೊಡುವುದಿಲ್ಲ. ಹಾಗಾಗಿ ತಪ್ಪೆಲ್ಲ ಚಾಲಕನ ಲೆಕ್ಕಕ್ಕೇ ಬೀಳುತ್ತದೆ. ಶ್ರೀಪೆರಂಬುದೂರಿನ ಬಳಿ 1990ರಲ್ಲಿ ಖಾಯಂ ಟ್ರ್ಯಾಕ್ ಬಂತು. ಅಲ್ಲಿ 1993ರಲ್ಲಿ ಈ ಕಾರಿನಲ್ಲಿ ಕೂತ ಹದಿಹರೆಯದ ಹುಡುಗ ನಾರಾಯಣ್ ಕಾರ್ತಿಕೇಯನ್. ಅವರು ಫಾರ್ಮುಲಾ ಒನ್ ಮುಟ್ಟಿದ್ದನ್ನು ನೋಡಲು ಕರಿವರ್ಧನ್ ಇರಲಿಲ್ಲ. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಭಾರತದ ರೇಸಿಂಗ್‌ಗೆ ಅವರಷ್ಟು ಕೊಟ್ಟವರು ಇನ್ನೊಬ್ಬರಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಚಾಲಕರ ನಡುವಿನ ಈ ವ್ಯತ್ಯಾಸ ನನಗೆ ದಿನವೂ ಕಾಣುತ್ತದೆ. ನಾನು ಹುಬ್ಬಳ್ಳಿಯವನು. ಕೆಲಸ ಪುಣೆಯ ಮಗರಪಟ್ಟಾದಲ್ಲಿ. ಅಲ್ಲಿ ಕೂತು ನಾನು ಓದುವುದು ಕಾರುಗಳ ಪರೀಕ್ಷಾ ಓಟದ ಗೆರೆಗಳನ್ನು. ಪರದೆಯ ಮೇಲೆ ಮೂರು ಬಣ್ಣದ ಗೆರೆ: ಬ್ರೇಕ್, ಆ್ಯಕ್ಸಿಲರೇಟರ್, ಸ್ಟಿಯರಿಂಗ್. ಹೆಸರು ಮುಚ್ಚಿಟ್ಟರೂ ಯಾವ ಚಾಲಕ ಓಡಿಸಿದ್ದೆಂದು ಗೆರೆ ನೋಡಿಯೇ ಹೇಳಬಹುದು. ಒಬ್ಬರ ಬ್ರೇಕಿನ ಗೆರೆ ಗೋಡೆಯಂತೆ ಎದ್ದು ಮೆಲ್ಲಗೆ ಇಳಿಯುತ್ತದೆ. ಇನ್ನೊಬ್ಬರದು ಎರಡು ಮನಸ್ಸಿನಲ್ಲಿ ಎದ್ದು ನಡುವೆ ಒಮ್ಮೆ ಸಡಿಲಗೊಂಡು ಮತ್ತೆ ಏರುತ್ತದೆ. ಸ್ವಭಾವ ಕಾಲಿನಲ್ಲಿರುತ್ತದೆ.

ಊಟದ ಹೊತ್ತಿನಲ್ಲಿ ಅಥಣಿಯ ಹುಡುಗನೊಬ್ಬ ಬಿಡದೆ ಕೇಳುತ್ತಾನೆ: "ಸರ, ಸೆನ್ನಾ ದೊಡ್ಡಾವ್ರೋ, ಪ್ರೋಸ್ಟ್ ದೊಡ್ಡಾವ್ರೋ? ಒಂದ ಹೆಸರ ಹೇಳ್ರಿ." ಒಂದು ಹೆಸರು ಹೇಳುವ ಮುಂಚೆ 1988 ಹೇಳಬೇಕಾಗುತ್ತದೆ.

ಆ ವರ್ಷ ಅಯರ್ಟನ್ ಸೆನ್ನಾ, ಅಲೈನ್ ಪ್ರೋಸ್ಟ್ ಇಬ್ಬರೂ ಮೆಕ್‌ಲಾರೆನ್ ತಂಡದಲ್ಲಿದ್ದರು. ಕಾರು ಒಂದೇ, ಹೋಂಡಾ ಟರ್ಬೊ ಎಂಜಿನ್ ಒಂದೇ. ಹದಿನಾರು ರೇಸುಗಳಲ್ಲಿ ಹದಿನೈದನ್ನು ಇವರೇ ಹಂಚಿಕೊಂಡರು: ಸೆನ್ನಾ 8, ಪ್ರೋಸ್ಟ್ 7. ತಿರುವಿನ ನಡುವೆ ಸೆನ್ನಾರ ಬಲಗಾಲು ಆ್ಯಕ್ಸಿಲರೇಟರಿನ ಮೇಲೆ ಪಟಪಟನೆ ಬಡಿಯುತ್ತಿತ್ತು; ಟರ್ಬೊ ಒತ್ತಡ ಬೀಳಬಾರದು, ಟೈರಿನ ಹಿಡಿತ ಎಲ್ಲಿಯವರೆಗಿದೆ ಎಂಬುದೂ ಪ್ರತಿ ಕ್ಷಣ ತಿಳಿಯಬೇಕು. ಪ್ರೋಸ್ಟ್ ಸ್ವಲ್ಪ ಮೊದಲೇ ಬ್ರೇಕ್ ಹಿಡಿದು, ಕಾರು ಬೆಚ್ಚದಂತೆ ತಿರುಗಿಸಿ, ಟೈರು ಉಳಿಸಿ, ಇಂಧನ ಉಳಿಸಿ ಬರುತ್ತಿದ್ದರು. ಟರ್ಬೊ ಕಾರಿಗೆ ಒಂದು ರೇಸಿಗೆ 150 ಲೀಟರ್ ಮಾತ್ರ ಇದ್ದ ವರ್ಷದಲ್ಲಿ ಅದು ಸಣ್ಣ ವಿದ್ಯೆಯಲ್ಲ.

ಮೊನಾಕೊದ ಅರ್ಹತಾ ಸುತ್ತಿನಲ್ಲಿ ಸೆನ್ನಾ ಪ್ರೋಸ್ಟ್‌ಗಿಂತ ಸುಮಾರು 1.4 ಸೆಕೆಂಡು ಮುಂದಿದ್ದರು. ಒಂದೇ ಕಾರಿನಲ್ಲಿ ಅಷ್ಟು ಅಂತರ! ರೇಸಿನಲ್ಲೂ ಅವರದೇ ಮುನ್ನಡೆ. ನಿಧಾನವಾಗಿ ಬಾ ಎಂದು ತಂಡ ಹೇಳಿತು. 67ನೇ ಸುತ್ತಿನಲ್ಲಿ, ಬೆನ್ನ ಹಿಂದೆ ಯಾರೂ ಇಲ್ಲದಾಗ, ಪೋರ್ಟಿಯೆ ತಿರುವಿನ ತಡೆಗೋಡೆಗೆ ಗುದ್ದಿದರು. ತಂಡದ ಕಡೆಗೂ ಹೋಗದೆ ನೇರ ತಮ್ಮ ಮನೆಗೆ ನಡೆದುಬಿಟ್ಟರು. ಗೆದ್ದದ್ದು ಪ್ರೋಸ್ಟ್. ವರ್ಷದ ಕೊನೆಗೆ ಪ್ರೋಸ್ಟ್ ಗಳಿಸಿದ್ದು ಒಟ್ಟು 105 ಅಂಕ, ಸೆನ್ನಾ 94. ಆದರೆ ಅತ್ಯುತ್ತಮ ಹನ್ನೊಂದು ಫಲಿತಾಂಶಗಳನ್ನಷ್ಟೇ ಎಣಿಸುವ ನಿಯಮವಿದ್ದುದರಿಂದ 90–87ರಲ್ಲಿ ಸೆನ್ನಾ ಚಾಂಪಿಯನ್. ನಿಯಮವೊಂದು ಬೇರೆಯಾಗಿದ್ದರೆ ಇತಿಹಾಸದ ಪುಟದಲ್ಲಿ ಬೇರೆ ಹೆಸರು.

ನಮ್ಮವರನ್ನೂ ಇದೇ ಒರೆಗೆ ಹಚ್ಚೋಣ. ನಾರಾಯಣ್ 2005ರಲ್ಲಿ ಜೋರ್ಡನ್ ತಂಡದಿಂದ ಫಾರ್ಮುಲಾ ಒನ್‌ಗೆ ಬಂದರು. ಅಮೆರಿಕದ ರೇಸಿನಲ್ಲಿ ಟೈರಿನ ಗಲಾಟೆಯಿಂದ ಆರೇ ಕಾರು ಓಡಿದಾಗ ನಾಲ್ಕನೆಯವರಾಗಿ ಐದು ಅಂಕ ಪಡೆದರು. ಅದೇ ಕಾರಿನಲ್ಲಿ ಮೂರನೆಯವರಾದದ್ದು ತಂಡದ ಜೊತೆಗಾರ ಟಿಯಾಗೊ ಮೊಂಟೆರೊ. ಜನ ಆ ಐದು ಅಂಕವನ್ನೇ ಎತ್ತಿ ಆಡುತ್ತಾರೆ. ನನಗೆ ದೊಡ್ಡದೆನಿಸುವುದು 2011ರ ಅಕ್ಟೋಬರ್ 30, ಗ್ರೇಟರ್ ನೊಯ್ಡಾದಲ್ಲಿ ನಡೆದ ಭಾರತದ ಮೊದಲ ಗ್ರ್ಯಾನ್ ಪ್ರಿ. ಜೂನ್ ನಂತರ ಅವರು ಒಂದೂ ಗ್ರ್ಯಾನ್ ಪ್ರಿ ಓಡಿರಲಿಲ್ಲ. ಎಚ್‌ಆರ್‌ಟಿ ತಂಡದ ಬಡ ಕಾರು. ಜೊತೆಗಾರ ಡೇನಿಯಲ್ ರಿಕಾರ್ಡೊ, ಮುಂದೆ ಎಂಟು ಗ್ರ್ಯಾನ್ ಪ್ರಿ ಗೆದ್ದವರು. ಅಂದು ನಾರಾಯಣ್ 17ನೆಯವರು, ರಿಕಾರ್ಡೊ 18ನೆಯವರು.

ಕರುಣ್ ಚಂದೋಕ್ ಅವರದು ಬೇರೆ ಧಾತು. ಅಜ್ಜ ಇಂದು ಚಂದೋಕ್ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿದವರಲ್ಲೊಬ್ಬರು. 2010ರ ಬಹ್ರೇನ್‌ನಲ್ಲಿ ಕರುಣ್ ತಮ್ಮ ಎಚ್‌ಆರ್‌ಟಿ ಕಾರಿನ ಮೊದಲ ಸುತ್ತು ಹಾಕಿದ್ದೇ ಅರ್ಹತಾ ಸುತ್ತಿನಲ್ಲಿ. ಅಭ್ಯಾಸಕ್ಕೆ ಕಾರು ಸಿದ್ಧವೇ ಆಗಿರಲಿಲ್ಲ. ಜೊತೆಗಾರ ಬ್ರೂನೊ ಸೆನ್ನಾ, ಅಯರ್ಟನ್ ಅವರ ಸೋದರಳಿಯ. ಒಂದು ಸುತ್ತಿನ ವೇಗದಲ್ಲಿ ಹೆಚ್ಚಾಗಿ ಬ್ರೂನೊ ಮುಂದೆ. ಆದರೆ ಆ ತಂಡದ ಕಾರನ್ನು ಮೊದಲ ಬಾರಿ ಗುರಿ ಮುಟ್ಟಿಸಿದವರು ಕರುಣ್, ಮೆಲ್ಬರ್ನ್‌ನಲ್ಲಿ, 14ನೆಯವರಾಗಿ. 2012ರಲ್ಲಿ ಲೆ ಮಾನ್‌ನ 24 ಗಂಟೆಗಳ ರೇಸ್ ಓಡಿದ ಮೊದಲ ಭಾರತೀಯ ಅವರೇ. ಮೂವರು ಸರದಿಯಂತೆ ಓಡಿಸುವ ಆ ಕಾರು ಆರನೆಯದಾಗಿ ಬಂತು. ಕಾರನ್ನು ಮುರಿಯದೆ ಮುಂದಿನವರ ಕೈಗೆ ಒಪ್ಪಿಸುವ ಆಟಕ್ಕೆ ಅವರ ಮನಸ್ಸು ಒಗ್ಗಿತ್ತು.

ಬೆಂಗಳೂರಿನ ಕುಶ್ ಮೈನಿ ಈಗಿನವರು. ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂನಲ್ಲಿ ಎಲ್ಲ ತಂಡಕ್ಕೂ ಒಂದೇ ಡಲ್ಲಾರಾ ಚೌಕಟ್ಟು, ಒಂದೇ ಎಂಜಿನ್. ಕರಿವರ್ಧನ್ ಅವರ ತತ್ತ್ವವೇ, ದುಡ್ಡು ಮಾತ್ರ ನೂರಾರು ಪಟ್ಟು. 2024ರಲ್ಲಿ ಕುಶ್ ವೇಗಕ್ಕೆ ಕೊರತೆಯಿರಲಿಲ್ಲ. ಆದರೆ ಅದೇ ತಂಡದ ಗೇಬ್ರಿಯಲ್ ಬೋರ್ಟೊಲೆಟೊ ವರ್ಷದ ಚಾಂಪಿಯನ್ ಆದರು, ಕುಶ್ ಪಟ್ಟಿಯಲ್ಲಿ ಬಹಳ ಕೆಳಗುಳಿದರು. ಮರುವರ್ಷ ಮೊನಾಕೊದ ಸ್ಪ್ರಿಂಟ್ ರೇಸಿನಲ್ಲಿ, ತಡೆಗೋಡೆಗಳ ನಡುವಿನ ಅದೇ ಬೀದಿಗಳಲ್ಲಿ, ತಪ್ಪಿಲ್ಲದೆ ಓಡಿಸಿ ಗೆದ್ದರು. ಅಲ್ಲಿ ಗೆದ್ದ ಮೊದಲ ಭಾರತೀಯ ಅವರು.

ಹಾಗಾಗಿ ನನ್ನ ತೀರ್ಪು ಇದು. ಒಂದೇ ಒಂದು ಸುತ್ತು ಓಡಿಸಬೇಕಾದರೆ ಸೆನ್ನಾ, ನಮ್ಮವರಲ್ಲಿ ನಾರಾಯಣ್. ಇಡೀ ವರ್ಷ ನಡೆಸಬೇಕಾದರೆ ಪ್ರೋಸ್ಟ್. ಕೆಟ್ಟ ಕಾರನ್ನು ಮನೆ ಮುಟ್ಟಿಸಬೇಕಾದರೆ ಕರುಣ್. ಮುಂದಿನ ಸಲ ನೀವು ಫಾರ್ಮುಲಾ ಒನ್ ನೋಡುವಾಗ ಗೆದ್ದವನ ಮೇಲಷ್ಟೇ ಕಣ್ಣಿಡಬೇಡಿ, ಒಂದೇ ಬಣ್ಣದ ಎರಡು ಕಾರುಗಳ ನಡುವಿನ ಸೆಕೆಂಡುಗಳನ್ನು ಲೆಕ್ಕ ಹಾಕಿ.