ಯೀಸ್ಟಿನ ಸೂಕ್ಷ್ಮನಾಳಗಳು: ಒಂದು ಸಿದ್ಧಾಂತದ ಪೂರ್ವಾಪರ

ಮದ್ಯವನ್ನು ಹುದುಗಿಸುವ ದ್ರವ್ಯಕ್ಕೆ ಸಂಸ್ಕೃತದಲ್ಲಿ ಕಿಣ್ವವೆಂದು ಹೆಸರು. ಈಚಿನ ಕನ್ನಡ ಪಠ್ಯಗಳು ಆ ಶಬ್ದವನ್ನು ಎನ್ಜೈಮಿಗೆ ಮೀಸಲಿಟ್ಟಿರುವುದರಿಂದ ಪ್ರಕೃತ ಲೇಖನದಲ್ಲಿ ಯೀಸ್ಟ್ ಎಂಬ ರೂಢಿಯ ಮಾತನ್ನೇ ಬಳಸಿದೆ.

ಈ ಏಕಕೋಶಜೀವಿಯ ಒಳರಚನೆಯನ್ನು ಕುರಿತ ವಾದವು ದೀರ್ಘವಾದುದು. 1910ರಲ್ಲಿ ವೇಗರ್, ಪೆನಿಸ್ಟನ್ ಎಂಬಿಬ್ಬರು ಕೋಶದ ದೊಡ್ಡ ರಸಧಾನಿಯನ್ನೇ ನ್ಯೂಕ್ಲಿಯಸಿನ ಅಂಗವೆಂದು ಬಗೆದರು. ಫ್ರಾನ್ಸಿನ ಗಿಲ್ಯೆರ್ಮೋನರ ಪಕ್ಷ ಬೇರೆ. ನ್ಯೂಕ್ಲಿಯಸು ರಸಧಾನಿಯ ಹೊರಗಿನದೆಂದು ಅವರ ಮತ. ಕಣ್ಣಿಗೆ ದೊಡ್ಡದಾಗಿ ಕಂಡುದೇ ಮುಖ್ಯವಾದುದೆಂಬ ಭ್ರಾಂತಿ ಪಂಡಿತರನ್ನೂ ಬಿಟ್ಟುದಲ್ಲ.

1963ರಲ್ಲಿ ಗ್ಲುಟರಾಲ್ಡಿಹೈಡ್ ಎಂಬ ಸ್ಥಿರಕಾರಕವು ಬಳಕೆಗೆ ಬಂದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳ ಸೂಕ್ಷ್ಮನಾಳಗಳು ನಿಚ್ಚಳವಾದುವು. ಇವುಗಳ ಅಡ್ಡಳತೆ ಸುಮಾರು 25 ನ್ಯಾನೋಮೀಟರ್, ಎಂದರೆ ಮಿಲಿಮೀಟರಿನ 40,000ದಲ್ಲೊಂದು ಪಾಲು. 1966ರಲ್ಲಿ ರಾಬಿನೊ ಮತ್ತು ಮಾರಾಕ್ ಎಂಬವರು ಯೀಸ್ಟಿನ ನ್ಯೂಕ್ಲಿಯಸಿನೊಳಗೆ ಒಂದು ತಂತುವನ್ನೂ, ಅದರ ತುದಿಗಳಲ್ಲಿ ನ್ಯೂಕ್ಲಿಯಸಿನ ಪೊರೆಗೆ ಹೊಂದಿಕೊಂಡ ಫಲಕಗಳನ್ನೂ ತೋರಿಸಿದರು. 1975ರಲ್ಲಿ ಬೈಯರ್ಸ್ ಮತ್ತು ಗೆಟ್ಷ್ ಅವರು ಆ ಫಲಕಗಳು ಕೋಶಚಕ್ರದಲ್ಲಿ ಇಮ್ಮಡಿಸುವ ಕ್ರಮವನ್ನು ವಿವರಿಸಿದರು. 1984ರಲ್ಲಿ ಕಿಲ್ಮಾರ್ಟಿನ್ ಮತ್ತು ಆಡಮ್ಸ್ ಅವರು ಪ್ರತಿಕಾಯಗಳ ನೆರವಿನಿಂದ ಇಡಿಯ ಕೋಶದಲ್ಲೇ ನಾಳಗಳನ್ನು ಹೊಳೆಯಿಸಿ ತೋರಿದರು. ನಾಳಗಳೆಲ್ಲವೂ ಫಲಕದಿಂದಲೇ ಹೊರಡುವುವೆಂಬುದು ಈ ಪರಂಪರೆಯ ಫಲಿತಾಂಶ.

ಆದರೆ ಇವೆಲ್ಲವೂ ಮೊಗ್ಗೊಡೆದು ಬೆಳೆಯುವ ಯೀಸ್ಟನ್ನು ಕುರಿತ ಮಾತು. 1893ರಲ್ಲಿ ಲಿಂಡ್ನರ್ ಅವರು ಪೂರ್ವ ಆಫ್ರಿಕದ ಧಾನ್ಯಮದ್ಯದಿಂದ ಬೇರ್ಪಡಿಸಿದ ಪೊಂಬೆ ಎಂಬುದು ಬೇರೊಂದು ಜಾತಿ. ಸ್ವಾಹಿಲಿ ಭಾಷೆಯಲ್ಲಿ ಪೊಂಬೆ ಎಂದರೆ ಬಿಯರೇ. ಅದು ಉರುಳೆಯಂತೆ ನೀಳವಾಗಿದ್ದು ನಟ್ಟನಡುವೆ ಸೀಳುತ್ತದೆ. ಅದರಲ್ಲಿ ಮೂರರಿಂದ ಐದು ನಾಳದ ಕಟ್ಟುಗಳು ಉದ್ದಕ್ಕೂ ಚಾಚಿರುತ್ತವೆ. ಫಲಕದ ಜೊತೆಗೆ ನ್ಯೂಕ್ಲಿಯಸಿನ ಪೊರೆಯ ಮೇಲಣ ಬಿಡಿಬಿಡಿ ತಾಣಗಳಿಂದಲೂ ನಾಳಗಳು ಹುಟ್ಟುತ್ತವೆ. 2001ರಲ್ಲಿ ಟ್ರಾನ್, ಚಾಂಗ್ ಮೊದಲಾದವರು ಕಂಡಂತೆ, ಕಟ್ಟಿನ ನಡುಭಾಗ ನ್ಯೂಕ್ಲಿಯಸಿಗೆ ಅಂಟಿರುತ್ತದೆ. ತುದಿಗಳು ಬೆಳೆದು ಕೋಶದ ಕೊನೆಯನ್ನು ಮುಟ್ಟಿ, ಕೊಂಚ ಹೊತ್ತು ಒತ್ತಿ, ಬಳಿಕ ಕುಸಿಯುತ್ತವೆ. ಎರಡು ಕಡೆಯ ಒತ್ತಡದಿಂದ ನ್ಯೂಕ್ಲಿಯಸು ನಡುವೆ ನಿಲ್ಲುತ್ತದೆ. ಸೀಳುವ ಜಾಗವನ್ನು ಗೊತ್ತುಮಾಡುವುದೂ ಅದೇ. ಇದಕ್ಕೆ ಮೊದಲೇ, 1997ರಲ್ಲಿ, ಮಾಟಾ ಮತ್ತು ನರ್ಸ್ ಅವರು ಈ ತುದಿಗಳ ಮೇಲೆ ಸಾಗಿ ಕೋಶದ ಕೊನೆಗಳನ್ನು ಗುರುತಿಸುವ ಟೀ-ಒಂದು ಎಂಬ ಪ್ರೋಟೀನನ್ನು ಕಂಡಿದ್ದರು. ಅದು ಇಲ್ಲದ ಕೋಶ ಬಾಗುತ್ತದೆ, ಕೆಲವೊಮ್ಮೆ ಕವಲೊಡೆಯುತ್ತದೆ.

2006ರ ಎರಡು ಪ್ರಬಂಧಗಳು ಇನ್ನೂ ಮುಂದೆ ಹೋದುವು. ನ್ಯೂಕ್ಲಿಯಸೇ ಇಲ್ಲದ ಪೊಂಬೆಯ ಕೋಶದಲ್ಲಿಯೂ ನಾಳಗಳು ಎದುರುಬದುರಾಗಿ ಹೆಣೆದು ಉದ್ದುದ್ದಕ್ಕೆ ಕಟ್ಟಾಗುವುವೆಂದು ಅವು ತೋರಿಸಿದುವು. ಫಲಕವೇ ಎಲ್ಲಕ್ಕೂ ಮೂಲವೆಂಬ ಮಾತನ್ನು ಯೀಸ್ಟ್ ಎಂಬ ಹೆಸರುಳ್ಳ ಸಮಸ್ತಕ್ಕೂ ಅನ್ವಯಿಸುವುದು ಆದುದರಿಂದ ಯುಕ್ತವಲ್ಲ. 1975ರ ವಿದ್ವಾಂಸರು ತಪ್ಪಿದರೆಂದು ಇದರ ಅರ್ಥವಲ್ಲ. ಅವರು ತಮ್ಮ ಜಾತಿಯನ್ನು ಕುರಿತು ಹೇಳಿದುದು ಇಂದಿಗೂ ನಿಲ್ಲುತ್ತದೆ. ದೋಷವಿರುವುದು ಒಂದು ಜಾತಿಯ ವರ್ಣನೆಯನ್ನು ಸಾಮಾನ್ಯ ಲಕ್ಷಣವಾಗಿ ಬರೆದ ಪಠ್ಯಗಳಲ್ಲಿ. ವಿಭಜನೆಯ ಕಾಲದಲ್ಲಾದರೋ ಪೊಂಬೆಯಲ್ಲಿಯೂ ಫಲಕಕ್ಕೇ ಪ್ರಾಧಾನ್ಯ: ಆಗ ಹೊರಗಿನ ಕಟ್ಟುಗಳು ಕರಗಿ, ಒಡೆಯದ ಪೊರೆಯೊಳಗೆ ಎರಡು ಫಲಕಗಳ ನಡುವೆ ಕದಿರು ಮೂಡುತ್ತದೆ.