ಜಲಮಾಲಿನ್ಯ ಮತ್ತು ಸಿಹಿನೀರಿನ ಪ್ರಾಣಿಗಳ ಆರೋಗ್ಯ

ನದಿ, ಹಳ್ಳ, ಕೆರೆ, ಸರೋವರ ಮೊದಲಾದ ಸಿಹಿನೀರಿನ ನೆಲೆಗಳಲ್ಲಿ ಬಾಳುವ ಮೀನು, ಏಡಿ, ಸೀಗಡಿ, ಕಪ್ಪೆಚಿಪ್ಪು, ಬಸವನಹುಳು, ಗೊದಮೊಟ್ಟೆ, ಕೀಟಗಳ ಮರಿಹುಳು ಇವೇ ಮುಂತಾದ ಜೀವಿಗಳ ಉಸಿರಾಟ, ಲವಣಸಮತೆ, ನರವ್ಯಾಪಾರ, ಸಂತಾನೋತ್ಪತ್ತಿಗಳಲ್ಲಿ, ಮನುಷ್ಯನ ಉದ್ಯೋಗಗಳ ಫಲವಾಗಿ ನೀರಿಗೆ ಸೇರುವ ಕಲ್ಮಷಗಳು ಉಂಟುಮಾಡುವ ವಿಕಾರಗಳು ಈ ಲೇಖನದ ವಿಷಯ. ಜಲಮಾಲಿನ್ಯವೆಂದೊಡನೆ ಸಾಮಾನ್ಯರ ಕಣ್ಣಿಗೆ ಕಟ್ಟುವುದು ದಂಡೆಗೆ ಬಂದು ಬಿದ್ದ ಸತ್ತ ಮೀನುಗಳ ರಾಶಿ. ಪತ್ರಿಕೆಗಳಲ್ಲಿ ವಾರ್ತೆಯಾಗುವುದೂ ಅದೇ. ಆದರೆ ಮೀನು ಸತ್ತು ತೇಲುವ ಹೊತ್ತಿಗೆ ರೋಗವು ಬಹುದೂರ ಮುಂದುವರಿದಿರುತ್ತದೆ. ಸಾಯದೆ ಉಳಿದು, ವಾಸನೆ ಹಿಡಿಯಲಾರದೆ, ಆಹಾರ ದೊರೆಯದೆ, ಮೊಟ್ಟೆಗಳಿಂದ ನೆಟ್ಟಗಿನ ಮರಿಗಳನ್ನು ಪಡೆಯಲಾರದೆ ಸಂತತಿಯೇ ನಶಿಸಿಹೋಗುವ ಪ್ರಸಂಗಗಳಲ್ಲಿ ದಂಡೆಯ ಮೇಲೆ ಒಂದು ಹೆಣವೂ ಕಾಣಿಸದಿರಬಹುದು.

ನೆಲದ ಮೇಲಿನ ಪ್ರಾಣಿಗೆ ಉಸಿರಾಡುವ ಗಾಳಿ ಬೇರೆ, ಕುಡಿಯುವ ನೀರು ಬೇರೆ. ಒಂದು ಕೆಟ್ಟರೂ ಮತ್ತೊಂದು ಶುದ್ಧವಾಗಿ ಉಳಿದಿರುವ ಸಂಭವವುಂಟು. ಜಲಚರಕ್ಕೆ ಈ ಸೌಕರ್ಯವಿಲ್ಲ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕವಿದ್ದರೆ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಇರುವುದು ಆರೇಳು ಮಿಲಿಲೀಟರ್ ಮಾತ್ರ. ಆದಕಾರಣ ಮೀನು ತನ್ನ ಕಿವಿರುಗಳ ಮೇಲೆ ಅಪಾರ ಪ್ರಮಾಣದ ನೀರನ್ನು ಎಡೆಬಿಡದೆ ಹಾಯಿಸುತ್ತಿರಬೇಕು, ಮತ್ತು ಆ ನೀರಿಗೂ ರಕ್ತಕ್ಕೂ ನಡುವಣ ಪೊರೆ ಕೆಲವೇ ಮೈಕ್ರಾನ್ ದಪ್ಪದ್ದಾಗಿರಬೇಕು. ನೀರು ಒಂದು ದಿಕ್ಕಿಗೂ ರಕ್ತ ಅದರ ವಿರುದ್ಧ ದಿಕ್ಕಿಗೂ ಹರಿಯುವ ಏರ್ಪಾಡಿನಿಂದ ದೊರೆತ ಅಲ್ಪಸ್ವಲ್ಪ ಆಮ್ಲಜನಕದ ಬಹುಭಾಗ ರಕ್ತಗತವಾಗುತ್ತದೆ; ನೀರಿನಲ್ಲಿ ವಿಷವಿದ್ದರೆ ಅದರ ಪ್ರವೇಶಕ್ಕೂ ಇದೇ ಸುಲಭದ್ವಾರ. ಇದು ಸಾಲದೆಂಬಂತೆ ಸಿಹಿನೀರಿನ ಮೀನಿಗೆ ಮತ್ತೊಂದು ಕಷ್ಟವುಂಟು. ಅದರ ರಕ್ತ ಸುತ್ತಣ ನೀರಿಗಿಂತ ಉಪ್ಪಾದ್ದರಿಂದ ನೀರು ಸದಾ ಒಳಕ್ಕೆ ನುಗ್ಗುತ್ತಿರುತ್ತದೆ, ಲವಣ ಸದಾ ಹೊರಕ್ಕೆ ಸೋರುತ್ತಿರುತ್ತದೆ. ಹೆಚ್ಚಾದ ನೀರನ್ನು ಮೂತ್ರಪಿಂಡ ಹೊರಹಾಕಿದರೆ, ಕಳೆದುಹೋದ ಸೋಡಿಯಂ, ಕ್ಲೋರೈಡ್, ಕ್ಯಾಲ್ಸಿಯಂಗಳನ್ನು ತೆಳು ನೀರಿನಿಂದ ಹೆಕ್ಕಿ ಮರಳಿ ತರುವ ಹೊಣೆ ಕಿವಿರಿನ ವಿಶಿಷ್ಟ ಕೋಶಗಳದು. ದೇಹದಲ್ಲಿ ಹುಟ್ಟುವ ಅಮೋನಿಯವೂ ಬಹುತೇಕ ಕಿವಿರಿನ ಮೂಲಕವೇ ವಿಸರ್ಜನೆಯಾಗುತ್ತದೆ. ನಮ್ಮ ದೇಹದಲ್ಲಿ ಶ್ವಾಸಕೋಶವೂ ಮೂತ್ರಪಿಂಡವೂ ಹಂಚಿಕೊಂಡಿರುವ ಕೆಲಸವನ್ನು ಮೀನಿನಲ್ಲಿ ಬಹುಮಟ್ಟಿಗೆ ಒಂದೇ ಅಂಗ ಹೊತ್ತಿರುವುದರಿಂದ, ಕಿವಿರಿಗೆ ತಗಲಿದ ಪೆಟ್ಟು ಇಡೀ ಜೀವಕ್ಕೆ ತಗಲಿದಂತೆಯೇ.

ಕಲ್ಮಷಗಳಲ್ಲಿ ಅತಿ ಪುರಾತನವಾದುದು ಊರಿನ ಕೊಳಚೆ. ಅದು ಕೊಲ್ಲುವುದು ಬಹುಮಟ್ಟಿಗೆ ಪರೋಕ್ಷವಾಗಿ: ಮಲಿನದ್ರವ್ಯವನ್ನು ಕೊಳೆಯಿಸುವ ಬ್ಯಾಕ್ಟೀರಿಯಗಳು ನೀರಿನ ಆಮ್ಲಜನಕವನ್ನು ಹೀರುತ್ತವೆ. ಅಮೆರಿಕದ ಒಹಾಯೊ ನದಿಯ ಅಧ್ಯಯನದಿಂದ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬುವರು 1925ರಲ್ಲಿ ಪ್ರಕಟಿಸಿದ ಸಮೀಕರಣವು, ಆಮ್ಲಜನಕ ಕನಿಷ್ಠಕ್ಕಿಳಿಯುವ ಸ್ಥಳ ಕೊಳಚೆ ಸೇರುವ ಬಾಯಿಯಲ್ಲದೆ ಅಲ್ಲಿಂದ ಬಹುದೂರ ಕೆಳಗಣ ಹರಿವು ಎಂಬುದನ್ನು ಗಣಿತರೂಪದಲ್ಲಿ ತೋರಿಸಿತು. ಮೀನು ಸತ್ತ ಊರಿನವರು ದೂರುವುದು ಒಬ್ಬರನ್ನು, ಕಾರಣರಾದವರು ಮೇಲಣ ಇನ್ನಾರೋ ಎಂಬಂತಾಗುವುದು ಇದರಿಂದಲೇ. ಬಿಸಿಲು ನಾಡಿನಲ್ಲಿ ಈ ಅಪಾಯ ಇನ್ನೂ ಹೆಚ್ಚು: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲ ನೀರು 30 ಡಿಗ್ರಿಯಲ್ಲಿ ಏಳೂವರೆಯಷ್ಟನ್ನು ಮಾತ್ರ ಹಿಡಿದಿಡುತ್ತದೆ, ಆದರೆ ಅದೇ ಉಷ್ಣದಲ್ಲಿ ಮೀನಿನ ಆಮ್ಲಜನಕದ ಹಸಿವೂ ಬ್ಯಾಕ್ಟೀರಿಯದ ಹಸಿವೂ ಏರುತ್ತವೆ. ಕೊಳಚೆಯ ರಂಜಕದಿಂದ ಕೊಬ್ಬಿದ ಪಾಚಿಯು ಹಗಲೆಲ್ಲ ಆಮ್ಲಜನಕವನ್ನು ಬಿಡುತ್ತಿದ್ದು ಇರುಳಿನಲ್ಲಿ ತಾನೇ ಅದನ್ನು ಸೇವಿಸುವುದರಿಂದ ಕೆರೆಯ ಮೀನುಗಳು ಬೆಳಗಿನ ಜಾವದಲ್ಲಿ ಸಾಯುವುದೇ ವಾಡಿಕೆ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ಕೊಳಚೆ ಸೇರಿದ ನಗರದ ಕೆರೆಗಳಲ್ಲಿ ಬೇಸಗೆ ಬಂದಾಗಲೆಲ್ಲ ಸಂಭವಿಸಬಲ್ಲ ಇಂತಹ ದುರಂತದ ಪ್ರಸಿದ್ಧ ನಿದರ್ಶನ.

ಆಮ್ಲಜನಕ ಪೂರ್ತಿ ಬತ್ತದೆ ಸದಾ ಅಭಾವದಲ್ಲಿರುವ ನೀರಿನಲ್ಲಿ ಪ್ರಾಣಿಗಳು ನಿರ್ನಾಮವಾಗುವುದಿಲ್ಲ, ಬದಲಾಗುತ್ತವೆ. ಸ್ವಚ್ಛ ತೊರೆಯ ಕಲ್ಲುಗಳಡಿ ವಾಸಿಸುವ ಮೇಫ್ಲೈ, ಸ್ಟೋನ್‌ಫ್ಲೈಗಳ ಮರಿಗಳು ಮೊದಲು ಮಾಯವಾಗಿ, ಕೆಂಪು ರಕ್ತದ ಕೈರೊನೊಮಸ್ ಮರಿಹುಳುಗಳೂ ಟ್ಯೂಬಿಫೆಕ್ಸ್ ಹುಳುಗಳೂ ಕೆಸರನ್ನು ಆಕ್ರಮಿಸುತ್ತವೆ. ಈ ಕ್ರಮವನ್ನೇ ಆಧಾರ ಮಾಡಿಕೊಂಡು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಜರ್ಮನಿಯ ಕೊಲ್ಕ್‌ವಿಟ್ಸ್ ಮತ್ತು ಮಾರ್ಸನ್ ನೀರಿನ ಮಲಿನತೆಯನ್ನು ಜೀವಿಗಳಿಂದ ಅಳೆಯುವ ಪದ್ಧತಿಯನ್ನು ರೂಪಿಸಿದರು. ಮೀನುಗಳಲ್ಲಿಯೂ ಹೀಗೆಯೇ. ಗಾಳಿಯನ್ನು ನೇರವಾಗಿ ಗುಟುಕರಿಸಬಲ್ಲ ಕೊರವ ಮತ್ತು ಮುರುಗೋಡುಗಳೂ, ಮೀನು ಮಾರುಕಟ್ಟೆಯವರು ಜಿಲೇಬಿಯೆಂದು ಕರೆಯುವ ತಿಲಾಪಿಯವೂ ಉಳಿದವು ಅಳಿದ ಮೇಲೆಯೂ ಬದುಕಿರುತ್ತವೆ. ಅವುಗಳ ಸಮೃದ್ಧಿಯನ್ನು ಕಂಡು ಕೆರೆ ಆರೋಗ್ಯವಾಗಿದೆಯೆಂದು ತೀರ್ಮಾನಿಸುವವರು ಇಂದಿಗೂ ಉಂಟು.

ಕೊಳಚೆಯೊಡನೆ ಬರುವ ಅಮೋನಿಯದ ವಿಷತ್ವವು ನೀರಿನ ಕ್ಷಾರತೆಯನ್ನು ಅವಲಂಬಿಸಿದೆ: ಅದರ ಅಯಾನುರೂಪಕ್ಕಿಂತ ಅಯಾನೀಕರಣಗೊಳ್ಳದ ರೂಪವು ಬಹಳ ಹೆಚ್ಚು ಮಾರಕ, ಮತ್ತು ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಪಿಎಚ್ ಏರಿದಂತೆ ಈ ರೂಪದ ಪಾಲೂ ಏರುತ್ತದೆ. ಇನ್ನು ನೈಟ್ರೈಟ್ ಎಂಬುದು ಕಿವಿರಿನ ಕ್ಲೋರೈಡ್ ದ್ವಾರದಲ್ಲಿಯೇ ಮೋಸದಿಂದ ಒಳಹೊಕ್ಕು ಹೀಮೋಗ್ಲೋಬಿನ್ನನ್ನು ಆಮ್ಲಜನಕ ಸಾಗಿಸಲಾರದ ರೂಪಕ್ಕೆ ತಿರುಗಿಸುತ್ತದೆ. ರಕ್ತ ಕಂದುಬಣ್ಣಕ್ಕೆ ತಿರುಗಿದ ಮೀನು ಆಮ್ಲಜನಕವಿರುವ ನೀರಿನಲ್ಲಿಯೇ ಉಸಿರುಕಟ್ಟಿ ಸಾಯುತ್ತದೆ. ಮೀನು ಸಾಕುವವರು ಇಂತಹ ಹೊಂಡಕ್ಕೆ ಅಡಿಗೆ ಉಪ್ಪನ್ನು ಹಾಕುವುದು ಬರಿಯ ರೂಢಿಯಲ್ಲ. ಕ್ಲೋರೈಡ್ ಹೆಚ್ಚಿದರೆ ನೈಟ್ರೈಟಿಗೆ ದಾರಿ ಕಡಮೆಯಾಗುತ್ತದೆ.

ಲೋಹಗಳ ವಿಚಾರಕ್ಕೆ ಬಂದರೆ ಕನ್ನಡ ನಾಡಿಗೆ ತೀರ ಹತ್ತಿರದ್ದು ತಾಮ್ರ. ಮಲೆನಾಡಿನ ಅಡಕೆ ತೋಟಗಳನ್ನು ಪೀಡಿಸುವ ಕೊಳೆರೋಗಕ್ಕೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದಂದಿನಿಂದ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಪಾಕವು ಮಳೆಗಾಲದ ಮುನ್ನ ಕೊನೆಗಳ ಮೇಲೆ ಬೀಳುತ್ತ ಬಂದಿದೆ. ಸುಣ್ಣವು ತಾಮ್ರವನ್ನು ಬಹುಮಟ್ಟಿಗೆ ಕರಗದಂತೆ ಮಾಡುವುದು ನಿಜ. ಆದರೆ ಆ ಪಾಕದ ಒಂದು ಲೀಟರಿನಲ್ಲಿರುವ ತಾಮ್ರ ಎರಡೂವರೆ ಗ್ರಾಮಿನಷ್ಟು, ಮತ್ತು ಮೆದು ನೀರಿನಲ್ಲಿ ಸೂಕ್ಷ್ಮಪ್ರಕೃತಿಯ ಮೀನುಗಳನ್ನು ಕೊಲ್ಲಲು ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂ ಕರಗಿದ ತಾಮ್ರ ಸಾಕು. ತಾಮ್ರವು ಕಿವಿರಿನ ಸೋಡಿಯಂ ಹೀರುವಿಕೆಯನ್ನು ತಡೆದು ರಕ್ತದ ಉಪ್ಪನ್ನು ಬರಿದುಮಾಡುತ್ತದೆ. ಸತು ಮತ್ತು ಕ್ಯಾಡ್ಮಿಯಂಗಳು ಇದೇ ರೀತಿ ಕ್ಯಾಲ್ಸಿಯಂಗೆ ಅಡ್ಡಬರುತ್ತವೆ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಅದು ಲೋಹದೊಡನೆ ಸ್ಪರ್ಧಿಸಿ ಕಿವಿರನ್ನು ಕಾಪಾಡುವುದರಿಂದ, ಬಯಲುಸೀಮೆಯ ಗಡಸು ನೀರಿನಲ್ಲಿ ಸಹ್ಯವಾದ ಪ್ರಮಾಣವೇ ಪಶ್ಚಿಮಘಟ್ಟದ ಮೆದು ನೀರಿನ ಹಳ್ಳದಲ್ಲಿ ಮಾರಕವಾಗಬಲ್ಲುದು. ಆದ್ದರಿಂದ ಮದ್ದು ಕದಡಿದ ಡ್ರಮ್ಮುಗಳನ್ನು ತೋಟದ ಕೆಳಗಣ ಹಳ್ಳದಲ್ಲಿ ತೊಳೆಯುವುದು ಸರ್ವಥಾ ಸಲ್ಲದು. ಕೊಲ್ಲದ ಪ್ರಮಾಣದಲ್ಲಿಯೂ ತಾಮ್ರ ನಿರುಪದ್ರವಿಯಲ್ಲ. ಮೀನಿನ ಮೂಗಿನ ನರಕೋಶಗಳು ನೀರಿಗೆ ನೇರವಾಗಿ ತೆರೆದಿರುವುದರಿಂದ, ಲೀಟರಿಗೆ ಹತ್ತಿಪ್ಪತ್ತು ಮೈಕ್ರೋಗ್ರಾಮಿನ ಸೋಂಕಿಗೆ ಕೆಲವೇ ಗಂಟೆ ಒಳಗಾದ ಸಾಲ್ಮನ್ ಮರಿಗಳು, ಗಾಯಗೊಂಡ ಜೊತೆಗಾರನ ಚರ್ಮದಿಂದ ಹೊರಡುವ ಅಪಾಯಸೂಚಕ ಗಂಧವನ್ನು ಗ್ರಹಿಸಲಾರದೆ ಹಗೆಯ ಬಾಯಿಗೆ ಬೀಳುತ್ತವೆಂದು ಪ್ರಯೋಗಗಳು ತೋರಿಸಿವೆ.

ಹೂಳು ವಿಷವಲ್ಲವಾದರೂ ಕಲ್ಮಷವೇ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ 2005ರ ಕೊನೆಯಲ್ಲಿ ಮುಚ್ಚುವವರೆಗೆ ಭದ್ರಾ ನದಿಯ ಮೇಲ್ಭಾಗಕ್ಕೆ ಮಳೆಗಾಲದಲ್ಲಿ ಅಪಾರವಾದ ಹೂಳು ಇಳಿಯುತ್ತಿತ್ತು. ಇಂತಹ ಹೂಳು ಕಿವಿರನ್ನು ಉಜ್ಜಿ ಕೆರಳಿಸುವುದಲ್ಲದೆ, ಜಲ್ಲಿಕಲ್ಲುಗಳ ಸಂದುಗಳನ್ನು ಮುಚ್ಚಿ ಅಲ್ಲಿನ ಮೊಟ್ಟೆಗಳಿಗೂ ಕೀಟಗಳಿಗೂ ನೀರಿನ ಸಂಚಾರವಿಲ್ಲದಂತೆ ಮಾಡುತ್ತದೆ.

ಕೀಟನಾಶಕಗಳನ್ನು ರೂಪಿಸಿರುವುದು ನರವ್ಯೂಹವನ್ನು ಹೊಡೆಯಲೆಂದೇ. ಏಡಿ, ಸೀಗಡಿ, ಜಲಕೀಟಗಳ ನರವ್ಯೂಹಕ್ಕೂ ಪೈರಿನ ಕೀಟದ ನರವ್ಯೂಹಕ್ಕೂ ಅಂತರ ಅತ್ಯಲ್ಪ. ಆರ್ಗನೋಫಾಸ್ಫೇಟುಗಳು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆದು ಸ್ನಾಯುಗಳನ್ನು ಸೆಡೆಯಿಸುತ್ತವೆ. ಪೈರೆಥ್ರಾಯ್ಡುಗಳು ಮನುಷ್ಯನಿಗೆ ಹೆಚ್ಚು ಹಾನಿಕರವಲ್ಲವೆಂಬ ಹೊಗಳಿಕೆಗೆ ಪಾತ್ರವಾಗಿದ್ದರೂ ಮೀನಿಗೆ ಉಗ್ರವಿಷ. ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಚಿದ ಎಂಡೋಸಲ್ಫಾನ್ ಜನರಿಗೆ ತಂದ ಯಾತನೆ ಸರ್ವವಿದಿತ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧಿಸಿದ ಆ ದ್ರವ್ಯವು ಮೀನುಗಳಿಗೆ ಅತಿ ಮಾರಕವಾದ ಕೀಟನಾಶಕಗಳಲ್ಲಿ ಒಂದೆಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಕೆಲವು ದ್ರವ್ಯಗಳು ನೀರಿನಲ್ಲಿ ಅಳತೆಗೆ ಸಿಕ್ಕದಷ್ಟು ಅಲ್ಪವಾಗಿದ್ದು ಆಹಾರಸರಪಳಿಯಲ್ಲಿ ಮೇಲೇರಿದಂತೆ ಸಾಂದ್ರವಾಗುತ್ತವೆ. ಕ್ಯಾಲಿಫೋರ್ನಿಯದ ಕ್ಲಿಯರ್ ಸರೋವರದಲ್ಲಿ ನುಸಿಗಳನ್ನು ನೀಗಲು 1949ರಿಂದ ಸುರಿದ ಡಿಡಿಡಿ ಎಂಬ ಕೀಟನಾಶಕವು ಮೀನುಗಳ ಮೂಲಕ ಗ್ರೀಬ್ ಹಕ್ಕಿಗಳನ್ನು ಕೊಂದ ಪ್ರಸಂಗವು ರೇಚಲ್ ಕಾರ್ಸನ್ನರ 1962ರ ಗ್ರಂಥದಿಂದ ಜಗತ್ಪ್ರಸಿದ್ಧವಾಯಿತು. ಅದಕ್ಕಿಂತ ಕಡಮೆ ಪ್ರಸಿದ್ಧವಾದರೂ ಹೆಚ್ಚು ಬೋಧಪ್ರದವಾದುದು ಉತ್ತರ ಕೆರೊಲೈನದ ಬೆಲ್ಯೂಸ್ ಸರೋವರದ ವೃತ್ತಾಂತ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಬೂದಿಯ ಕೊಳದಿಂದ 1970ರ ದಶಕದಲ್ಲಿ ಅಲ್ಲಿಗೆ ಹರಿದುಬಂದ ಸೆಲೆನಿಯಂ ನೀರಿನಲ್ಲಿ ಇದ್ದದ್ದು ಲೀಟರಿಗೆ ಹತ್ತು ಮೈಕ್ರೋಗ್ರಾಮಿನ ಆಸುಪಾಸು. ಬೆಳೆದ ಮೀನುಗಳು ನೋಡಲು ಲಕ್ಷಣವಾಗಿಯೇ ಇದ್ದುವು. ಆದರೆ ತಾಯ ಆಹಾರದಿಂದ ಮೊಟ್ಟೆಯ ಹಳದಿಯನ್ನು ಸೇರಿದ ಸೆಲೆನಿಯಂ ಮರಿಗಳ ಬೆನ್ನೆಲುಬನ್ನು ಡೊಂಕಾಗಿಸಿ, ದವಡೆಗಳನ್ನು ವಿಕೃತಗೊಳಿಸಿ, ಇಪ್ಪತ್ತು ಜಾತಿಗಳಲ್ಲಿ ಹತ್ತೊಂಬತ್ತನ್ನು ಕೆಲವೇ ವರ್ಷಗಳಲ್ಲಿ ಆ ಸರೋವರದಿಂದ ಅಳಿಸಿಹಾಕಿತು. ಪಾದರಸದ ರೀತಿ ಬೇರೆ: ಆಮ್ಲಜನಕವಿಲ್ಲದ ಕೆಸರಿನ ಬ್ಯಾಕ್ಟೀರಿಯಗಳು ಅದನ್ನು ಮಿಥೈಲ್ ಪಾದರಸವಾಗಿ ಮಾರ್ಪಡಿಸಿದ ಬಳಿಕವೇ ಅದು ಮೀನಿನ ಮಾಂಸದಲ್ಲಿ ನೆಲೆನಿಲ್ಲುವುದು.

ಕೆನಡದ ಒಂಟಾರಿಯೊ ಪ್ರಾಂತದಲ್ಲಿ, ಸಂಶೋಧನೆಗೆಂದೇ ಮೀಸಲಾದ ಸರೋವರಗಳಲ್ಲಿ ನಡೆದ ಎರಡು ಪ್ರಯೋಗಗಳು ಈ ಶಾಸ್ತ್ರದ ದೃಷ್ಟಿಯನ್ನೇ ತಿದ್ದಿದುವು. ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 223ನೆಯ ಸರೋವರವನ್ನು 1976ರಿಂದ ಎಂಟು ವರ್ಷ ಕ್ರಮಕ್ರಮವಾಗಿ ಆಮ್ಲೀಯಗೊಳಿಸುತ್ತ ಹೋದಾಗ, ಅಲ್ಲಿನ ದೊಡ್ಡ ಟ್ರೌಟ್ ಮೀನುಗಳು ಆಮ್ಲದ ನೇರವಾದ ಹೊಡೆತಕ್ಕೆ ಮೊದಲೇ ಹಸಿವಿನಿಂದ ಬಡಕಲಾದುವು. ಅವುಗಳ ಆಹಾರವಾದ ಪುಟ್ಟ ಸೀಗಡಿಗಳೂ ಸಣ್ಣ ಮೀನುಗಳೂ ಆಗಲೇ ಇಲ್ಲವಾಗಿದ್ದುವು. 260ನೆಯ ಸರೋವರದಲ್ಲಿ ಕ್ಯಾರೆನ್ ಕಿಡ್ ಮತ್ತು ಸಹೋದ್ಯೋಗಿಗಳು 2001ರಿಂದ ಮೂರು ಬೇಸಗೆ, ಗರ್ಭನಿರೋಧಕ ಗುಳಿಗೆಯಲ್ಲಿರುವ ಕೃತಕ ಈಸ್ಟ್ರೋಜನ್ನನ್ನು ಲೀಟರಿಗೆ ಐದಾರು ನ್ಯಾನೋಗ್ರಾಂನಷ್ಟು ಸೇರಿಸಿದರು. ಗಂಡು ಮಿನ್ನೊ ಮೀನುಗಳ ದೇಹದಲ್ಲಿ ಮೊಟ್ಟೆಯ ಹಳದಿಯ ಪ್ರೋಟೀನು ಹುಟ್ಟಿತು, ವೃಷಣಗಳು ವಿಕೃತವಾದುವು, ಮತ್ತು ಆ ಜಾತಿ ಸರೋವರದಲ್ಲಿ ಹೆಚ್ಚುಕಡಮೆ ನಿರ್ವಂಶವಾಯಿತು. ಪ್ರಯೋಗ ನಿಲ್ಲಿಸಿದ ಕೆಲವು ವರ್ಷಗಳ ಮೇಲೆ ಅದು ಮತ್ತೆ ಚೇತರಿಸಿಕೊಂಡಿತೆಂಬುದೊಂದು ಸಮಾಧಾನ; ಆದರೆ ನಗರಗಳ ಕೊಳಚೆ ನಿಲ್ಲುವ ಪ್ರಯೋಗವಲ್ಲ.

ಇತರ ವಿಕಾರಗಳನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. ಒಹಾಯೊ ಸಂಸ್ಥಾನದ ಬ್ಲ್ಯಾಕ್ ನದಿಯಲ್ಲಿ ತಳವಾಸಿ ಕ್ಯಾಟ್‌ಫಿಶ್‌ಗಳ ಯಕೃತ್ತಿಗೆ ಬರುತ್ತಿದ್ದ ಅರ್ಬುದವು, ಅಲ್ಲಿನ ಕೋಕ್ ಕಾರ್ಖಾನೆ 1983ರಲ್ಲಿ ಮುಚ್ಚಿದ ಮೇಲೆ ಇಳಿಮುಖವಾಯಿತು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಮೊಟ್ಟೆಯಿಡಲು ನಗರದ ತೊರೆಗಳಿಗೆ ಬರುವ ಕೊಹೊ ಸಾಲ್ಮನ್‌ಗಳು ಮಳೆ ಬಂದೊಡನೆ ಸಾಯುತ್ತಿದ್ದುದಕ್ಕೆ, ಮೋಟಾರು ಟಯರಿನ ರಬ್ಬರಿಗೆ ಸೇರಿಸುವ ರಾಸಾಯನಿಕವೊಂದರ ರೂಪಾಂತರವೇ ಕಾರಣವೆಂದು 2020ರಲ್ಲಿ ತಿಳಿದುಬಂತು. ಚಂಬಲ್ ನದಿಯ ಕೆಳಪಾತ್ರದಲ್ಲಿ 2007-08ರ ಚಳಿಗಾಲದಲ್ಲಿ ನೂರಕ್ಕೂ ಹೆಚ್ಚು ಘರಿಯಲ್ ಮೊಸಳೆಗಳು ಮೂತ್ರಪಿಂಡ ಕೆಟ್ಟು ಸತ್ತುವು. ಕಲುಷಿತ ಮೀನಿನ ಮೂಲಕ ವಿಷ ಸೇರಿತೆಂಬ ಶಂಕೆ ಬಲವಾಗಿದ್ದರೂ ಆ ವಿಷ ಯಾವುದೆಂದು ನಿರ್ವಿವಾದವಾಗಿ ಗೊತ್ತಾಗಲಿಲ್ಲ.

ಕಲ್ಮಷದ ವಿಷತ್ವವನ್ನು ಅಳೆಯುವ ರೂಢಿಯ ವಿಧಾನವೆಂದರೆ, 96 ಗಂಟೆಗಳಲ್ಲಿ ಅರ್ಧದಷ್ಟು ಮೀನುಗಳನ್ನು ಕೊಲ್ಲುವ ಪ್ರಮಾಣವನ್ನು ಕಂಡುಹಿಡಿಯುವುದು. ಮೇಲಣ ಉದಾಹರಣೆಗಳನ್ನು ನೋಡಿದವರಿಗೆ ಈ ಅಳತೆಗೋಲು ಎಷ್ಟು ಮೋಟೆಂಬುದು ತಾನಾಗಿಯೇ ತಿಳಿಯುತ್ತದೆ: ಅದು ಮೊಟ್ಟೆಯನ್ನು ನೋಡುವುದಿಲ್ಲ, ಮೂಗನ್ನು ನೋಡುವುದಿಲ್ಲ, ತಾಮ್ರಕ್ಕೂ ಅಮೋನಿಯಕ್ಕೂ ಮೀನಿಗಿಂತ ಬೇಗ ಬಲಿಯಾಗುವ ಕಪ್ಪೆಚಿಪ್ಪಿನ ಎಳೆಮರಿಗಳನ್ನಂತೂ ನೋಡುವುದೇ ಇಲ್ಲ. ನಮ್ಮ ದೇಶದ ಮಾನದಂಡ ಇದಕ್ಕಿಂತಲೂ ಸಡಿಲವಾದುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ವನ್ಯಜೀವಿಗಳಿಗೂ ಮೀನುಗಾರಿಕೆಗೂ ಯೋಗ್ಯವೆಂದು ಹೇಳುವ ‘ಡಿ’ ವರ್ಗದ ನೀರಿಗೆ ವಿಧಿಸಿರುವ ನಿಬಂಧನೆಗಳು ಮೂರೇ: ಪಿಎಚ್ 6.5ರಿಂದ 8.5ರ ಒಳಗಿರಬೇಕು, ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಮಿಗೆ ಕಡಮೆಯಿರಕೂಡದು, ಮುಕ್ತ (ಎಂದರೆ ಅಯಾನೀಕರಣಗೊಳ್ಳದ) ಅಮೋನಿಯ ಸಾರಜನಕದ ಲೆಕ್ಕದಲ್ಲಿ 1.2 ಮಿಲಿಗ್ರಾಂ ಮೀರಕೂಡದು. ತಾಮ್ರ, ಪಾದರಸ, ಸೆಲೆನಿಯಂ, ಕೀಟನಾಶಕ, ಹಾರ್ಮೋನು ಯಾವುದರ ಹೆಸರೂ ಅಲ್ಲಿಲ್ಲ. ಯೂರೋಪಿನ ರಾಷ್ಟ್ರಗಳು ಮೀನಿನ ನೀರಿಗೆಂದು 1978ರಲ್ಲಿ ಗೊತ್ತುಪಡಿಸಿದ ಮುಕ್ತ ಅಮೋನಿಯದ ಮಿತಿ ಲೀಟರಿಗೆ 0.025 ಮಿಲಿಗ್ರಾಂ, ಸಾರಜನಕದ ಲೆಕ್ಕವನ್ನು ಅಮೋನಿಯದ ಲೆಕ್ಕಕ್ಕೆ ತಂದರೆ ನಮ್ಮದು ಅದಕ್ಕಿಂತ ಐವತ್ತು ಪಟ್ಟಿಗೂ ಮಿಕ್ಕದ್ದು. ‘ಡಿ’ ವರ್ಗಕ್ಕೆ ಸೇರಿದ ಮಾತ್ರಕ್ಕೆ ಒಂದು ನೀರು ಮೀನಿನ ಬಾಳುವೆಗೆ ತಕ್ಕುದೆಂದು ಹೇಳಲು ಬಾರದು.